ಸಹಾಯ ಬೇಕು: ತಂಗಿಯ ವಸ್‌ವಾಸ್ (ಬೆನ್ನು ಬಿಡದ ಸಂಶಯ), ಧಾರವಾಡದಾಗ ಯಾರಿಗೆ ತೋರಿಸೋದು?

ಎಲ್ಲರಿಗೂ ಸಲಾಂ, ನಮಸ್ಕಾರ. ನಾವು ಹಳೇ ಹುಬ್ಬಳ್ಳಿಯವರು. ನನ್ನ ತಂಗಿ ಫಜರ್ (ನಸುಕಿನ) ನಮಾಜಿಗೆ ವುಜೂ ಮಾಡಾಕ, ಅಂದ್ರ ನಮಾಜಿಗೆ ಮೊದಲು ಕೈ-ಕಾಲು-ಮುಖ ತೊಳಕೊಳ್ಳಾಕ, ಕುಂತರ ಮುಕ್ಕಾಲು ತಾಸು ಏಳಂಗಿಲ್ಲ. ಮೊಣಕೈ ತೊಯ್ದಿಲ್ಲ ಅಂತ ಮತ್ತ ಮತ್ತ ತೊಳಕೋತಾಳ. ಬೆರಳಸಂದಿ ಬಿರಿದು ರಕ್ತ ಬರಾಕತ್ತೈತಿ. ನಳ ದಿನಾ ಬರಂಗಿಲ್ಲ, ತುಂಬಿಟ್ಟ ಬ್ಯಾರಲ್ ಅವಳೊಬ್ಬಳಿಗೇ ಸಾಲವಲ್ದು.

ಮೂರು ಸಲ ಸಾಕು, ಸಂಶಯ ಬಂದರೂ ಮುಂದ ನಡಿ ಅಂತ ಮೌಲಾನಾ ಸಾಹೇಬರು ಪ್ರೀತಿಲೇ ಹೇಳ್ಯಾರ. ಅವಳ ಕಡೆ ಆಗವಲ್ದು. ಇದು ಈಮಾನಿನ (ನಂಬಿಕೆಯ) ಕೊರತೆ ಅಲ್ಲ, ಒಸಿಡಿ ಅನ್ನೋ ಗೀಳಿನ ಬ್ಯಾನಿ ಇರಬೇಕು ಅಂತ ನನಗ ಅನಸ್ತೈತಿ. 9ನೇ ಶತಮಾನದಾಗ ಹುಟ್ಟಿದ ಮುಸ್ಲಿಂ ವಿದ್ವಾಂಸ ಅಬೂ ಜೈದ್ ಅಲ್-ಬಲ್ಖಿ ಅವರೇ ಇಂಥಾ ಬೆನ್ನು ಬಿಡದ ವಿಚಾರಗಳನ್ನ ಮನಸ್ಸಿನ ಬ್ಯಾನಿ ಅಂತ ಬರದಿದ್ರು. ಅಮ್ಮಿಗೆ ಇದನ್ನ ಹೇಳಿದ ಮ್ಯಾಲೇ ದವಾಖಾನಿಗೆ ಒಪ್ಪಿದರು.

ಧಾರವಾಡದ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ದವಾಖಾನಿಗೆ ಹೋಗಿ ಬಂದವರು ಯಾರರ ಇದ್ದೀರೇನ್ರಿ? ಹೆಣ್ಣು ಡಾಕ್ಟರ್ ಸಿಗತಾರೇನು? ನಮಾಜ್ ಬಿಡಸದನ ಬ್ಯಾನಿ ಬಿಡಸೋರು ಬೇಕು. ಇನ್‌ಬಾಕ್ಸ್ ಮಾಡ್ರಿ.