ಹಳೇ ಆಕ್ಟೇವಿಯಾಗೆ ಯಾವ ಬೂಸ್ಟ್ ಕಂಟ್ರೋಲರ್ ಹಾಕಿಸಲಿ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್. ಇರೋದು ಬೆಂಗಳೂರಲ್ಲಿ. ಈಚೆಗೆ ಪಿಕಪ್ ಕಮ್ಮಿಯಾಗಿದೆ. ಸ್ಕ್ರೂ ತಿರುಗಿಸಿ ಬೂಸ್ಟ್ (ಟರ್ಬೊ ಇಂಜಿನ್‌ಗೆ ತುಂಬೋ ಗಾಳಿಯ ಒತ್ತಡ) ಏರಿಸೋ ಮ್ಯಾನುಯಲ್ ಕಂಟ್ರೋಲರ್ ಹಾಕಿಸು ಅಂತ ಒಬ್ಬ ಗೆಳೆಯ ಹೇಳ್ತಾನೆ, ಎಲೆಕ್ಟ್ರಾನಿಕ್ ಹಾಕಿಸು ಅಂತ ಇನ್ನೊಬ್ಬ. ಯಾವುದು ಒಳ್ಳೇದು?

ಉತ್ತರ: ಎರಡೂ ಬೇಡ ಸರ್. ನಿಮ್ಮ ಕಾರಿಗೆ ಬೂಸ್ಟ್ ಕಂಟ್ರೋಲರ್ ಕಂಪನಿಯಿಂದಲೇ ಬಂದಿದೆ.

ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪಿನ ಹತ್ತಿರ ಮೂರು ಮೂತಿಯ ಪುಟ್ಟ ವಾಲ್ವ್ ಒಂದಿದೆ, ಎನ್75 ಅಂತ ಕರೀತಾರೆ. ಟರ್ಬೊದ ಒತ್ತಡ ವೇಸ್ಟ್‌ಗೇಟನ್ನು (ಇಂಜಿನ್ ಹೊಗೆಯನ್ನು ಟರ್ಬೊದಿಂದ ಪಕ್ಕಕ್ಕೆ ಬಿಟ್ಟು ಬೂಸ್ಟ್ ತಡೆಯುವ ಬಾಗಿಲು) ತೆರೆಯಲು ಹೊರಟಾಗ ಈ ವಾಲ್ವ್ ಅದರಲ್ಲಿ ಸ್ವಲ್ಪವನ್ನು ವಾಪಸ್ ಬಿಡುತ್ತದೆ. ವೇಸ್ಟ್‌ಗೇಟ್ ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ಎಷ್ಟು ಬಿಡಬೇಕು ಅನ್ನೋದನ್ನು ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಲೆಕ್ಕ ಹಾಕುತ್ತಲೇ ಇರುತ್ತದೆ. ನೀವು ಹೊರಗಿನ ಕಂಟ್ರೋಲರ್ ಹಾಕಿದರೆ ಇಸಿಯು ಕೇಳಿದ್ದಕ್ಕಿಂತ ಜಾಸ್ತಿ ಬೂಸ್ಟ್ ಬರುತ್ತದೆ. ಆಗ ಅದು ಪಿ1555 ಅನ್ನೋ ದೋಷದ ಕೋಡ್ ಬರೆದಿಟ್ಟು ಲಿಂಪ್ ಮೋಡ್‌ಗೆ, ಅಂದರೆ ಇಂಜಿನ್ ಕಾಪಾಡಲು ಶಕ್ತಿ ಇಳಿಸುವ ಸ್ಥಿತಿಗೆ, ಹೋಗುತ್ತದೆ. ಆಮೇಲೆ ಈಗಿರೋ ಪಿಕಪ್ಪೂ ಇಲ್ಲ.

ಇನ್ನೊಂದು ಮಾತು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಮ್ಮಿ. ಅಷ್ಟೇ ಗಾಳಿ ತುಂಬಲು ಟರ್ಬೊ ಈಗಾಗಲೇ ಜಾಸ್ತಿ ಸುತ್ತುತ್ತಿದೆ. ಹಳೇ ಟರ್ಬೊಗೆ ಇನ್ನೂ ಭಾರ ಯಾಕೆ?

ಪಿಕಪ್ ಯಾಕೆ ಹೋಯಿತು ಅಂತ ಮೊದಲು ನೋಡಿಸಿ. ಟರ್ಬೊದ ರಬ್ಬರ್ ಹೋಸ್‌ಗಳು ಇಪ್ಪತ್ತು ವರ್ಷ ಇಂಜಿನ್ ಬಿಸಿಗೆ ಬೆಂದು, ಸೀಳಿ ಗಾಳಿ ಸೋರುತ್ತಿರಬಹುದು. ನಮ್ಮ ಗ್ಯಾರೇಜಿಗೆ ಬರುವ ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾಯಿಲೆ. ಹೋಸನ್ನು ಬಗ್ಗಿಸಿದರೆ ಸೀಳು ಕಾಣುತ್ತದೆ, ನೇರ ಇದ್ದಾಗ ಏನೂ ಗೊತ್ತಾಗಲ್ಲ. ಪೈಪಿನೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿದರೆ ಇನ್ನೂ ವಾಸಿ.

ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಹೆಚ್ಚುವರಿ ಒತ್ತಡವನ್ನು ವಾಪಸ್ ಬಿಡುವ ಡೈವರ್ಟರ್ ವಾಲ್ವನ್ನು ನೀವೇ ಪರೀಕ್ಷೆ ಮಾಡಬಹುದು. ಬಿಚ್ಚಿ, ಒಳಗಿನ ಪಿಸ್ಟನ್ನನ್ನು ಬೆರಳಿಂದ ಒತ್ತಿ, ಸಣ್ಣ ಹೋಸ್ ಕೂರುವ ಮೂತಿಯನ್ನು ಹೆಬ್ಬೆರಳಿಂದ ಮುಚ್ಚಿ, ಒತ್ತಿದ ಬೆರಳು ತೆಗೆಯಿರಿ. ಪಿಸ್ಟನ್ ಅಲ್ಲೇ ನಿಂತರೆ ಸರಿ. ಮೆಲ್ಲಗೆ ವಾಪಸ್ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ, ಬದಲಾಯಿಸಿ.

ಎಲ್ಲ ಸರಿಯಾದ ಮೇಲೂ ಆಸೆ ಉಳಿದಿದ್ದರೆ ರೀಮ್ಯಾಪ್, ಅಂದರೆ ಇಸಿಯು ಪ್ರೋಗ್ರಾಮ್ ಬದಲಾವಣೆ, ಮಾಡಿಸಿ. ಅದರಲ್ಲಿ ಬೂಸ್ಟ್, ಪೆಟ್ರೋಲ್, ಸ್ಪಾರ್ಕ್ ಮೂರೂ ಒಟ್ಟಿಗೆ ಬದಲಾಗುತ್ತವೆ. ಇನ್ಶೂರೆನ್ಸ್‌ನವರಿಗೂ ತಿಳಿಸಿಬಿಡಿ.

ಮತ್ತೊಬ್ಬರ ಪ್ರಶ್ನೆ: ಹಾಗಾದ್ರೆ ಮ್ಯಾನುಯಲ್ ಕಂಟ್ರೋಲರ್ ಯಾರಿಗೆ ಸರ್? ನಾನು ಸ್ವೀಡನ್ನಿನಲ್ಲಿದ್ದೇನೆ, 1990ರ ವೋಲ್ವೋ 740 ಟರ್ಬೊ ತಗೊಂಡಿದ್ದೇನೆ.

ಉತ್ತರ: ನಿಮ್ಮಂಥವರಿಗೇ! ಆ ಕಾರಲ್ಲಿ ಬೂಸ್ಟನ್ನು ನೋಡಿಕೊಳ್ಳೋದು ಬರೀ ಸ್ಪ್ರಿಂಗು, ಕಂಪ್ಯೂಟರ್ ಅಲ್ಲ. ಗುಂಡು-ಸ್ಪ್ರಿಂಗ್ ಮಾದರಿಯದ್ದನ್ನು ತಗೊಳ್ಳಿ. ನಿಗದಿಯಾದ ಒತ್ತಡ ಬರುವ ತನಕ ಗುಂಡು ದಾರಿ ಮುಚ್ಚಿರುತ್ತದೆ, ವೇಸ್ಟ್‌ಗೇಟ್ ಬಿಗಿಯಾಗಿ ಕೂತಿರುತ್ತದೆ, ಟರ್ಬೊ ಬೇಗ ಏಳುತ್ತದೆ. ಗಾಳಿ ಸುಮ್ನೆ ಹೊರಗೆ ಸೋರಿಸುವ ಬ್ಲೀಡ್ ಮಾದರಿ ಅಗ್ಗ, ಆದರೆ ವೇಸ್ಟ್‌ಗೇಟ್ ಮೊದಲೇ ಇಣುಕಲು ಶುರುಮಾಡುತ್ತದೆ.

ಬೂಸ್ಟ್ ಮೀಟರ್, ಗಾಳಿ-ಪೆಟ್ರೋಲ್ ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಎರಡನ್ನೂ ಹಾಕದೆ ಸ್ಕ್ರೂ ಮುಟ್ಟಬೇಡಿ. ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾದರೆ ಇಂಜಿನ್ನಿನ ಪಿಸ್ಟನ್ನೇ ಹೋಗುತ್ತದೆ. ಸಲಕ್ಕೆ ಕಾಲು ಸುತ್ತು ಮಾತ್ರ, ಮೂರನೇ ಗೇರಲ್ಲಿ ಏರುದಾರಿಯಲ್ಲಿ ನೋಡಿ. ಟೊಣ ಟೊಣ ಅಂತ ನಾಕಿಂಗ್ ಕೇಳಿದರೆ ತಕ್ಷಣ ಆಕ್ಸಿಲರೇಟರ್ ಬಿಟ್ಟು ಸ್ಕ್ರೂ ಸಡಿಲಿಸಿ. ನಿಮ್ಮಲ್ಲಿ 98 ಆಕ್ಟೇನ್ ಪೆಟ್ರೋಲ್ ಸಿಗುತ್ತದೆ ಅಲ್ವಾ, ಅದನ್ನೇ ಹಾಕಿ.

ಬೇಸಿಗೆಯಲ್ಲಿ ಸೆಟ್ ಮಾಡಿದ್ದನ್ನು ಚಳಿಗಾಲದಲ್ಲಿ ಮತ್ತೆ ನೋಡಬೇಕು. ಚಳಿಗೆ ಗಾಳಿ ದಟ್ಟವಾಗಿರುತ್ತದೆ, ಮೀಟರ್ ಮುಳ್ಳು ನೀವು ಅಂದುಕೊಂಡದ್ದನ್ನು ದಾಟಿ ಹೋಗಬಹುದು.

ಮೊದಲ ಪ್ರಶ್ನೆ ಕೇಳಿದವರು: ಸರ್, ಡೈವರ್ಟರ್ ವಾಲ್ವಿನ ಪಿಸ್ಟನ್ ವಾಪಸ್ ಬಂತು. ನಾಳೆ ಹೊಸ ವಾಲ್ವ್ ತರ್ತೀನಿ.