ನೆಲಕ್ಕೆ ಪೈಪ್ ಇಳಿಸಿ ಕಟ್ಟಡ ತಂಪು ಮಾಡಿಸಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಹೊಸಮನೆ:
ಎಲ್ಲರಿಗೂ ನಮಸ್ಕಾರ. ಎರಡು ಮಹಡಿ ಕಟ್ಟಿಸುತ್ತಿದ್ದೇವೆ. ಕೆಳಗೆ ಆಫೀಸು, ಮೇಲೆ ಮನೆ. ಬೇಸಿಗೆ ಜೋರು, ಏಸಿ ಇಲ್ಲದೆ ಆಗುವುದಿಲ್ಲ. ಚಳಿಗಾಲದಲ್ಲೂ ಒಂದಿಷ್ಟು ವಾರ ಬಿಸಿ ಬೇಕಾಗುತ್ತದೆ. ಬೋರ್ ಕೊರೆದು, ಪೈಪ್ ಇಳಿಸಿ, ನೆಲದ ನೆರವಿನಿಂದಲೇ ತಂಪು, ಬಿಸಿ ಎರಡೂ ಮಾಡುವ ವ್ಯವಸ್ಥೆ ಬಗ್ಗೆ ವಿಚಾರಿಸಿದೆವು. ಒಬ್ಬರು "ಕರೆಂಟ್ ಬಿಲ್ಲೇ ಬರುವುದಿಲ್ಲ" ಎಂದರು. ಇನ್ನೊಬ್ಬರು "ಅದೆಲ್ಲ ಜ್ವಾಲಾಮುಖಿ ಇರುವ ದೇಶಕ್ಕೆ, ನಿಮಗೆ ಸುಮ್ನೆ ದುಡ್ಡು ದಂಡ" ಎಂದರು. ಮಾಡಿಸಿದವರು, ಈ ಕೆಲಸದಲ್ಲಿ ಇರುವವರು ಸ್ವಲ್ಪ ಹೇಳಿ. ಜನ ಎಲ್ಲಿ ಎಡವುತ್ತಾರೆ?

ತಂಪುಗಾಳಿ:
ಏಸಿ ಡಿಸೈನ್ ನನ್ನ ಕೆಲಸ. ಇಬ್ಬರ ಮಾತನ್ನೂ ಬದಿಗಿಡಿ.

ಜ್ವಾಲಾಮುಖಿಯ ಮಾತು ಬೇರೆ ವ್ಯವಸ್ಥೆಗೆ ಸೇರಿದ್ದು. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 1930ರಿಂದ ನೆಲದಡಿಯ ಬಿಸಿನೀರನ್ನೇ ಪೈಪಿನಲ್ಲಿ ಕಟ್ಟಡಗಳಿಗೆ ಹರಿಸುತ್ತಿದ್ದಾರೆ. ಅಮೆರಿಕದ ಬಾಯ್ಸಿಯಲ್ಲಿ ಇದು 1890ರ ದಶಕದಲ್ಲೇ ಶುರುವಾಗಿತ್ತು. ಅದಕ್ಕೆ ನೆಲದಡಿ ಬಿಸಿನೀರು ಇರಲೇಬೇಕು. ನೀವು ಕೇಳುತ್ತಿರುವುದಕ್ಕೆ ಬೇಕಾಗಿಲ್ಲ.

ಹತ್ತು ಹದಿನೈದು ಮೀಟರ್ ಕೆಳಗೆ ಹೋದರೆ ಮಣ್ಣಿನ ಉಷ್ಣಾಂಶ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆ ಜಾಗದ ಗಾಳಿಯ ವಾರ್ಷಿಕ ಸರಾಸರಿ ಎಷ್ಟೋ, ಸುಮಾರು ಅಷ್ಟೇ. ಮಾಮೂಲಿ ಏಸಿ ಒಳಗಿನ ಬಿಸಿಯನ್ನು ಹೊರಗಿನ ಗಾಳಿಗೆ ತಳ್ಳುತ್ತದೆ. ಇಲ್ಲಿ ಅದೇ ಬಿಸಿಯನ್ನು ಪೈಪಿನ ನೀರು ನೆಲಕ್ಕೆ ಒಯ್ಯುತ್ತದೆ. ಚಳಿಗಾಲದಲ್ಲಿ ಉಲ್ಟಾ: ನೆಲದಿಂದ ಬಿಸಿ ತೆಗೆದು ಒಳಗೆ ಕೊಡುತ್ತದೆ. ಎರಡನ್ನೂ ಮಾಡುವ ಯಂತ್ರವೇ ಹೀಟ್ ಪಂಪ್. ಹೊಸ ಯೋಚನೆಯೇನಲ್ಲ, ಸ್ವಿಟ್ಜರ್‌ಲ್ಯಾಂಡಿನಲ್ಲಿ 1912ರಲ್ಲೇ ಹೈನ್ರಿಶ್ ಜೋಲಿ ಎಂಬ ಎಂಜಿನಿಯರ್ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು.

ಬಿಲ್ ಬರುವುದಿಲ್ಲ ಎಂಬುದು ಶುದ್ಧ ಸುಳ್ಳು. ಕಂಪ್ರೆಸರ್ ಓಡಬೇಕು, ನೀರು ತಿರುಗಿಸುವ ಪಂಪ್ ಓಡಬೇಕು. ಚೆನ್ನಾಗಿ ಮಾಡಿದ ವ್ಯವಸ್ಥೆ ಒಂದು ಯೂನಿಟ್ ಕರೆಂಟಿಗೆ ಮೂರರಿಂದ ಐದು ಯೂನಿಟ್‌ನಷ್ಟು ಬಿಸಿ ಸಾಗಿಸುತ್ತದೆ. ಅಷ್ಟು ನಂಬಿ.

ಉಳಿತಾಯ ಎಷ್ಟು ಎಂಬುದು ಹೊರಗಿನ ಗಾಳಿಗೂ ನೆಲಕ್ಕೂ ಇರುವ ಅಂತರದ ಮೇಲೆ ನಿಂತಿದೆ. ಹೊರಗೆ 40 ಡಿಗ್ರಿ, ನೆಲದಲ್ಲಿ 20 ಇದ್ದರೆ ಲಾಭವೋ ಲಾಭ. ನೆಲವೇ 27–28 ಇರುವ ಕಡೆ ಅಂತರ ಚಿಕ್ಕದು. ಏಸಿ ಶುರುವಾದ ಮೇಲೆ ಪೈಪಿನ ನೀರು 30 ದಾಟುತ್ತದೆ. ಆಗಲೂ ಗಾಳಿಗೆ ಬಿಸಿ ಬಿಡುವ ಏಸಿಗಿಂತ ಮೇಲೇ, ಆದರೆ ಬ್ರೋಷರ್‌ನಲ್ಲಿ ಬರೆದಷ್ಟಲ್ಲ. ಬ್ರೋಷರ್ ಬಹುಪಾಲು ಚಳಿ ದೇಶದ ಲೆಕ್ಕ ಹೇಳುತ್ತದೆ.

ಚಳಿಮನೆ:
ನಮ್ಮದು ಚಳಿ ಜಾಸ್ತಿ ಇರುವ ಜಾಗ, ನಿಮ್ಮದಕ್ಕೆ ಪೂರಾ ಹೊಂದುವುದಿಲ್ಲ. ಆದರೂ ಹೇಳುತ್ತೇನೆ. ನೆಲಹಾಸಿನ ಅಡಿ ಪೈಪ್ ಹರಡಿ ಅದರಲ್ಲಿ ಸುಮಾರು 35 ಡಿಗ್ರಿ ನೀರು ಬಿಡುತ್ತೇವೆ. ಹೀಟ್ ಪಂಪ್‌ಗೆ ಅದೇ ಸುಲಭ. ಗೋಡೆ ಬದಿಯಲ್ಲಿಟ್ಟು ಬಿಸಿನೀರು ಹರಿಸುವ ಹಳೇ ರೇಡಿಯೇಟರ್‌ಗೆ 60 ಡಿಗ್ರಿ ನೀರು ಕೊಡು ಎಂದರೆ ಅದು ಏದುಸಿರು ಬಿಡುತ್ತದೆ, ಕರೆಂಟ್ ಕುಡಿಯುತ್ತದೆ.

ಹೊರಗೆ ಫ್ಯಾನ್ ಯೂನಿಟ್ ಇಲ್ಲ, ಗದ್ದಲ ಇಲ್ಲ, ಗೋಡೆ ಮೇಲೆ ಏನೂ ನೇತಾಡುವುದಿಲ್ಲ. ಕಂಪ್ರೆಸರ್ ಮಾತ್ರ ಒಳಗಿನ ಸಣ್ಣ ಕೋಣೆಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ಆ ಕೋಣೆ ಮಲಗುವ ಕೋಣೆಯ ಗೋಡೆಗೆ ಅಂಟಿಕೊಂಡಿರದ ಹಾಗೆ ಪ್ಲಾನ್ ಹಾಕಿಸಿ.

ಒಂದು ಕೆಲಸ ತಪ್ಪದೆ ಮಾಡಿಸಿ. ನೆಲಕ್ಕೆ ಹೋಗುವ ಪೈಪಿಗೊಂದು, ವಾಪಸ್ ಬರುವ ಪೈಪಿಗೊಂದು ಥರ್ಮಾಮೀಟರ್ ಹಾಕಿಸಿ, ಕಣ್ಣಿಗೆ ಬೀಳುವ ಎತ್ತರದಲ್ಲಿ. ನಮ್ಮಲ್ಲಿ ಎರಡರ ನಡುವೆ ನಾಲ್ಕು ಡಿಗ್ರಿ ವ್ಯತ್ಯಾಸ ಇರುತ್ತಿತ್ತು. ಮೊದಲ ಚಳಿಗಾಲದಲ್ಲೇ ಅದು ಏಳಾಯಿತು, ಎಂಟಾಯಿತು, ಬಿಸಿ ಕಡಿಮೆಯಾಯಿತು. ಹಾಕಿದವರು ಬಂದು "ಗ್ಯಾಸ್ ಹೋಗಿದೆ" ಎಂದರು. ಇನ್ನೊಬ್ಬ ಮೆಕ್ಯಾನಿಕ್ ಬಂದವನೇ ಎರಡೂ ಮುಳ್ಳು ನೋಡಿ, "ನೀರೇ ಹರಿಯುತ್ತಿಲ್ಲ" ಎಂದು ಪೈಪಿನ ಕಸ ಹಿಡಿಯುವ ಸ್ಟ್ರೈನರ್ ಬಿಚ್ಚಿದ. ಜಾಲರಿ ತುಂಬ ಕಪ್ಪು ಪ್ಲಾಸ್ಟಿಕ್ ಸಿಪ್ಪೆ! ಪೈಪ್ ಕತ್ತರಿಸುವಾಗ ಬಿದ್ದ ಚೂರುಗಳನ್ನು ತೊಳೆಯದೆ ಹಾಗೇ ಜೋಡಿಸಿಬಿಟ್ಟಿದ್ದರು. ತೊಳೆದು ಹಾಕಿದ, ಮತ್ತೆ ನಾಲ್ಕಕ್ಕೆ ಇಳಿಯಿತು. ಆ ಎರಡು ಮುಳ್ಳು ಇರದಿದ್ದರೆ ಕಂಪ್ರೆಸರನ್ನೇ ಬದಲಾಯಿಸಿಬಿಡುತ್ತಿದ್ದರೋ ಏನೋ.

ರಿಗ್ಗಣ್ಣ:
ಬೋರ್ ಕೊರೆಯುವವನು ನಾನು. ನೀರಿನ ಬೋರ್ ಕೊರೆಯುವವರೆಲ್ಲ ಇದನ್ನೂ ಕೊರೆಯುತ್ತಾರೆ, ಆದರೆ ಮುಂದಿನ ಕೆಲಸ ಎಲ್ಲರಿಗೂ ಗೊತ್ತಿಲ್ಲ. ಇಡೀ ವ್ಯವಸ್ಥೆಯಲ್ಲಿ ದೊಡ್ಡ ಖರ್ಚು ಇದೇ, ಮುಚ್ಚಿದ ಮೇಲೆ ರಿಪೇರಿ ಮಾಡಲಾಗದ್ದೂ ಇದೇ.

ಸಾಮಾನ್ಯವಾಗಿ 50ರಿಂದ 150 ಮೀಟರ್ ಆಳ. ಒಂದಕ್ಕೊಂದು ಐದಾರು ಮೀಟರ್ ದೂರ. ಹತ್ತಿರ ಹಾಕಿದರೆ ಒಂದು ಬೋರಿನ ಬಿಸಿ ಇನ್ನೊಂದಕ್ಕೆ ತಾಗುತ್ತದೆ. ಒಳಗೆ ಹೋಗುವುದು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪ್, ತುದಿಯಲ್ಲಿ ಯು ಆಕಾರದ ಬೆಂಡ್. ಆ ಬೆಂಡನ್ನು ಫ್ಯಾಕ್ಟರಿಯಲ್ಲೇ ಕಾಯಿಸಿ ಬೆಸೆದಿರಬೇಕು. ಸೈಟಿನಲ್ಲಿ ನಾವೇ ಜೋಡಿಸುತ್ತೇವೆ ಎಂದರೆ ಬೇಡ ಅನ್ನಿ. ಇಳಿಸುವ ಮೊದಲು ಪೈಪಿಗೆ ನೀರು ತುಂಬಿ ಪ್ರೆಷರ್ ಹಾಕಿ ನೋಡಬೇಕು. ಬೋರಿನಲ್ಲಿ ನೀರಿದ್ದರೆ ಖಾಲಿ ಪೈಪ್ ತೇಲುತ್ತದೆ, ಇಳಿಯುವುದೇ ಇಲ್ಲ. ಇಳಿಸಿದ ಮೇಲೆ ಇನ್ನೊಂದು ಸಲ ಪ್ರೆಷರ್ ಟೆಸ್ಟ್.

ಈಗ ಮುಖ್ಯ ವಿಷಯ, ಗ್ರೌಟಿಂಗ್. ಪೈಪಿಗೂ ಬಂಡೆಗೂ ನಡುವೆ ಉಳಿದ ಜಾಗವನ್ನು ಬೆಂಟೋನೈಟ್ ಜೇಡಿ ಬೆರೆಸಿದ ಗ್ರೌಟಿನಿಂದ ತುಂಬಬೇಕು. ಅದೂ ತಳಕ್ಕೆ ಇನ್ನೊಂದು ಸಣ್ಣ ಪೈಪ್ ಇಳಿಸಿ, ಕೆಳಗಿನಿಂದ ಮೇಲಕ್ಕೆ. ಬಹಳ ಕಡೆ ಕೊರೆದ ಪುಡಿಯನ್ನೇ ಮೇಲಿನಿಂದ ಸಲಿಕೆಯಲ್ಲಿ ಎಳೆದು ಮುಗಿಸಿಬಿಡುತ್ತಾರೆ. ಪುಡಿ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಗಾಳಿ ಬಿಸಿಯನ್ನು ದಾಟಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದರೆ ಮೇಲಿನ ಕೊಳೆನೀರು ಸೀದಾ ಅಂತರ್ಜಲಕ್ಕೆ ಇಳಿಯುತ್ತದೆ.

ಸುಮ್ನೆ ಹೆದರಿಸುತ್ತಿಲ್ಲ. ಜರ್ಮನಿಯ ಸ್ಟೌಫೆನ್ ಎಂಬ ಹಳೇ ಊರಿನಲ್ಲಿ 2007ರಲ್ಲಿ ಪುರಭವನಕ್ಕಾಗಿ ಏಳು ಬೋರ್ ಕೊರೆದರು, ತಲಾ ಸುಮಾರು 140 ಮೀಟರ್. ಕೆಳಗೆ ಆನ್‌ಹೈಡ್ರೈಟ್ ಎಂಬ ಪದರ ಇತ್ತು. ಅದಕ್ಕೆ ನೀರು ತಾಗಿದರೆ ಜಿಪ್ಸಮ್ ಆಗಿ ಉಬ್ಬುತ್ತದೆ. ಬೋರಿನ ಮೂಲಕ ನೀರು ಅಲ್ಲಿಗೆ ಹೋಯಿತು. ನೆಲ ಮೇಲೆದ್ದಿತು. 200ಕ್ಕೂ ಹೆಚ್ಚು ಕಟ್ಟಡ ಬಿರುಕುಬಿಟ್ಟವು. ಅದಕ್ಕೇ ಹೇಳುವುದು, ಸುತ್ತಮುತ್ತಲಿನ ಬೋರ್‌ಗಳಲ್ಲಿ ಎಷ್ಟು ಅಡಿಗೆ ಮಣ್ಣು, ಎಷ್ಟಕ್ಕೆ ಬಂಡೆ, ಎಲ್ಲಿ ನೀರು ಎಂಬ ಮಾಹಿತಿ ಕೈಯಲ್ಲಿಟ್ಟುಕೊಂಡೇ ರಿಗ್ ತರಿಸಿ.

ಹೊಸಮನೆ:
ಅಣ್ಣಾ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಬೋರ್ ಬದಲು ಮೇಲ್ಮಟ್ಟದಲ್ಲೇ ಕಾಲುವೆ ತೋಡಿ ಪೈಪ್ ಹಾಸಿದರೆ ಆಗುವುದಿಲ್ಲವಾ? ಹಿಂದೆ ಸ್ವಲ್ಪ ಖಾಲಿ ಜಾಗ ಇದೆ.

ರಿಗ್ಗಣ್ಣ:
"ಸ್ವಲ್ಪ" ಸಾಲುವುದಿಲ್ಲ. ಒಂದೂವರೆ ಎರಡು ಮೀಟರ್ ಆಳದಲ್ಲಿ ಹಾಸುತ್ತಾರೆ, ಕಟ್ಟಡಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಆ ಆಳಕ್ಕೆ ಬೇಸಿಗೆಯ ಬಿಸಿ ಇಳಿದುಬರುತ್ತದೆ, ಮಣ್ಣೂ ಒಣಗುತ್ತದೆ. ಒಣ ಮಣ್ಣು ಬಿಸಿಯನ್ನು ಬಿಟ್ಟುಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ನಿಮಗೆ ತಂಪು ಬೇಕಾದ ತಿಂಗಳಲ್ಲೇ ಅದು ಕೈಕೊಡುತ್ತದೆ.

ಮಣ್ಣುಗೂಡು:
ಹೀಟ್ ಪಂಪೇ ಇಲ್ಲದೆ ಮೂರು ಮೀಟರ್ ಆಳದಲ್ಲಿ ದಪ್ಪ ಪೈಪ್ ಹೂತು, ಅದರೊಳಗೆ ಗಾಳಿ ಎಳೆದು ಮನೆಗೆ ಬಿಡುವ ವಿಧಾನವೂ ಇದೆ. ನಾನು ಮಾಡಿಸಿಕೊಂಡಿದ್ದೇನೆ. ಒಣ ಸೆಕೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚು ಒಂದು ಫ್ಯಾನಿನದ್ದು. ಮಳೆಗಾಲದಲ್ಲಿ ಮಾತ್ರ ಪೈಪಿನ ಒಳಗೋಡೆಗೆ ಹನಿ ಕಟ್ಟುತ್ತದೆ. ಪೈಪನ್ನು ಒಂದು ಕಡೆಗೆ ಇಳಿಜಾರು ಕೊಟ್ಟು, ತುದಿಯಲ್ಲಿ ನೀರು ತೆಗೆಯಲು ಗುಂಡಿ ಬಿಡದಿದ್ದರೆ ಮುಗ್ಗಲು ವಾಸನೆ ಮನೆಯೊಳಕ್ಕೇ ಬರುತ್ತದೆ. ಬಾಯಿಗೆ ಜಾಲರಿ ಬೇಕು, ಇಲ್ಲವಾದರೆ ಇಲಿ, ಹಲ್ಲಿ, ಕಪ್ಪೆ ಎಲ್ಲ ಒಕ್ಕಲಾಗುತ್ತವೆ. ಏಸಿಗೆ ಬದಲಿ ಅಂತ ಎಣಿಸಬೇಡಿ. ಸೆಕೆಯ ಗಾಳಿಯ ಚುರುಕು ತಗ್ಗಿಸುತ್ತದೆ, ಅಷ್ಟೇ.

ಪ್ಲಾಂಟ್ ರೂಮ್:
ಒಂದು ಆಫೀಸ್ ಕಟ್ಟಡದ ಏಸಿ ನೋಡಿಕೊಳ್ಳುತ್ತೇನೆ. ಇಲ್ಲಿಯವರೆಗೆ ಯಾರೂ ಹೇಳದ ವಿಷಯ ಒಂದಿದೆ. ನಿಮ್ಮ ಕೇಸಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ನೆಲ ಎಷ್ಟು ಬಿಸಿಯನ್ನಾದರೂ ನುಂಗುತ್ತದೆ ಎಂದು ಜನ ತಿಳಿದಿದ್ದಾರೆ. ನುಂಗುವುದಿಲ್ಲ, ಇಟ್ಟುಕೊಳ್ಳುತ್ತದೆ. ಬ್ಯಾಂಕಿನ ಖಾತೆ ಇದ್ದ ಹಾಗೆ. ಬೇಸಿಗೆಯಲ್ಲಿ ಹಾಕಿದ್ದನ್ನು ಚಳಿಗಾಲದಲ್ಲಿ ತೆಗೆದರೆ ಲೆಕ್ಕ ಸರಿ. ನಿಮ್ಮಲ್ಲಿ ಏಸಿ ತಿಂಗಳುಗಟ್ಟಲೆ, ಬಿಸಿ ಕೆಲವೇ ವಾರ. ಜೊತೆಗೆ ಏಸಿಯಲ್ಲಿ ಕಂಪ್ರೆಸರ್ ತಿನ್ನುವ ಕರೆಂಟೂ ಬಿಸಿಯಾಗಿ ನೆಲಕ್ಕೇ ಹೋಗುತ್ತದೆ. ಹಾಗಾಗಿ ವರ್ಷ ವರ್ಷ ಬಾಕಿ ಉಳಿಯುತ್ತಾ ಹೋಗುತ್ತದೆ.

ನಮ್ಮ ಕಟ್ಟಡದಲ್ಲಿ ಆದದ್ದೂ ಇದೇ. ಮೊದಲ ಬೇಸಿಗೆ ಅದ್ಭುತ. ಆಮೇಲೆ ಲಾಗ್ ಪುಸ್ತಕ ತಿರುವಿದರೆ, ನೆಲದಿಂದ ವಾಪಸ್ ಬರುವ ನೀರು ಪ್ರತಿ ಮೇ ತಿಂಗಳಲ್ಲೂ ಹಿಂದಿನ ಮೇಗಿಂತ ಕೊಂಚ ಬಿಸಿ. ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ಕೊನೆಗೆ ನೀರಿನ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಒಂದು ಸಣ್ಣ ಕೂಲಿಂಗ್ ಟವರ್ ಸೇರಿಸಿದರು. ರಾತ್ರಿ ತಣ್ಣಗಿದ್ದಾಗ ಅದು ಓಡಿ ಲೂಪಿನ, ಅಂದರೆ ನೆಲದ ಪೈಪಿನಲ್ಲಿ ಸುತ್ತುವ, ನೀರನ್ನು ತಣಿಸುತ್ತದೆ, ನೆಲಕ್ಕೂ ಉಸಿರಾಡಲು ಬಿಡುವು ಸಿಗುತ್ತದೆ. ಇದನ್ನು ಮೊದಲೇ ಯೋಚಿಸಿದ್ದರೆ ಬೋರ್‌ಗಳನ್ನೂ ಕಡಿಮೆ ಕೊರೆಯಬಹುದಿತ್ತು. ಅಪರೂಪಕ್ಕೆ ಬರುವ ತೀರಾ ಸೆಕೆಯ ದಿನಗಳನ್ನು ಟವರ್‌ಗೆ ಬಿಟ್ಟು, ಉಳಿದದ್ದನ್ನು ನೆಲಕ್ಕೆ ಕೊಡುವುದು ಜಾಣತನ.

ಚಳಿ ದೇಶಗಳಲ್ಲಿ ಇದೇ ಸಮಸ್ಯೆ ಉಲ್ಟಾ. ತೆಗೆದು ತೆಗೆದು ನೆಲ ತಣ್ಣಗಾಗುತ್ತದೆ, ಬೇಸಿಗೆಯಲ್ಲಿ ಸೋಲಾರ್ ಬಿಸಿಯನ್ನು ಒಳಗೆ ತುಂಬುತ್ತಾರೆ.

ತಂಪುಗಾಳಿ:
ಇವರು ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ನಿಮ್ಮ ಕಟ್ಟಡದಲ್ಲಿ ಬಾಕಿ ಇಳಿಸಲು ಇನ್ನೊಂದು ದಾರಿ ಸ್ನಾನದ ಬಿಸಿನೀರು. ಡಿಸೂಪರ್‌ಹೀಟರ್ ಎಂಬ ಭಾಗ ಇರುವ ಯಂತ್ರ ಕೇಳಿ. ನೆಲಕ್ಕೆ ಹೋಗಬೇಕಾದ ಬಿಸಿಯಲ್ಲಿ ಒಂದು ಪಾಲನ್ನು ನೀರಿನ ಟ್ಯಾಂಕಿಗೆ ತಿರುಗಿಸುತ್ತದೆ. ಕೆಳಗೆ ಆಫೀಸು, ಮೇಲೆ ಮನೆ ಇರುವುದು ಇಲ್ಲಿ ಅನುಕೂಲ: ಹಗಲೆಲ್ಲ ಆಫೀಸಿನ ಬಿಸಿ, ಸಂಜೆ ಮನೆಗೆ ಬಿಸಿನೀರು.

ಕಂಟ್ರಾಕ್ಟರ್ "ಇಷ್ಟು ಟನ್ನಿಗೆ ಇಷ್ಟು ಅಡಿ ಬೋರ್" ಎಂದು ಬಾಯಲ್ಲೇ ಲೆಕ್ಕ ಹೇಳಿದರೆ ಅಲ್ಲಿಗೇ ಎದ್ದು ಬನ್ನಿ. ಒಂದು ಟನ್ ಎಂದರೆ ಮೂರೂವರೆ ಕಿಲೋವ್ಯಾಟ್ ತಂಪು, ಅದು ಎಲ್ಲ ಕಡೆ ಒಂದೇ. ನೆಲ ಎಲ್ಲ ಕಡೆ ಒಂದೇ ಅಲ್ಲ. ಗಟ್ಟಿ ಗ್ರಾನೈಟ್ ಒಣ ಮರಳಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಅದೇ ಮರಳು ನೀರಲ್ಲಿ ನೆನೆದಿದ್ದರೆ ಕಥೆಯೇ ಬೇರೆ. ದೊಡ್ಡ ಕಟ್ಟಡಕ್ಕೆ ಮೊದಲು ಒಂದೇ ಬೋರ್ ಕೊರೆದು, ಎರಡು ದಿನ ಬಿಸಿನೀರು ತಿರುಗಿಸಿ, ನೆಲ ಎಷ್ಟು ಬೇಗ ಬಿಸಿ ಎಳೆಯುತ್ತದೆ ಎಂದು ಅಳೆಯುತ್ತಾರೆ. ಥರ್ಮಲ್ ರೆಸ್ಪಾನ್ಸ್ ಟೆಸ್ಟ್ ಅಂತ ಹೆಸರು. ಬರೀ ಮನೆಯಾಗಿದ್ದರೆ ಬೇಕಿಲ್ಲ ಅನ್ನುತ್ತಿದ್ದೆ, ಆಫೀಸೂ ಇರುವುದರಿಂದ ಮಾಡಿಸಿ.

ಇದೆಲ್ಲಕ್ಕಿಂತ ಮುಂಚೆ ಪಶ್ಚಿಮದ ಕಿಟಕಿಗಳಿಗೆ ನೆರಳು, ತಾರಸಿಗೆ ಇನ್ಸುಲೇಷನ್. ಒಂದು ಟನ್ ಕಡಿಮೆಯಾದರೆ ಅಷ್ಟು ಬೋರ್ ಉಳಿಯಿತು. ಯಂತ್ರ ಇಪ್ಪತ್ತು ವರ್ಷ ಬರಬಹುದು, ನೆಲದ ಪೈಪ್ 50 ವರ್ಷ. ಹಾಗಾಗಿ ದುಬಾರಿ ಯಂತ್ರಕ್ಕೆ ಆಸೆಪಟ್ಟು ಪೈಪಿನಲ್ಲಿ ಚೌಕಾಸಿ ಮಾಡಬೇಡಿ.

ಹೊಸಮನೆ:
ಚಳಿಮನೆಯವರ ಹಾಗೆ ನೆಲಹಾಸಿನ ಪೈಪಿನಲ್ಲೇ ಬೇಸಿಗೆಯಲ್ಲಿ ತಣ್ಣೀರು ಬಿಟ್ಟರೆ?

ತಂಪುಗಾಳಿ:
ತೇವ ಜಾಸ್ತಿ ಇದ್ದರೆ ಕಷ್ಟ. ಕೋಣೆ 28 ಡಿಗ್ರಿ, ತೇವಾಂಶ ಶೇ. 70 ಇದ್ದಾಗ, 22ಕ್ಕಿಂತ ತಣ್ಣಗಿರುವ ನೆಲದ ಮೇಲೆ ಹನಿ ಕೂರುತ್ತದೆ, ಕಾಲು ಜಾರುತ್ತದೆ. ತೇವ ತೆಗೆಯಲು ಬೇರೆ ಫ್ಯಾನ್ ಕಾಯಿಲ್ (ತಣ್ಣೀರಿನ ಕೊಳವೆ ಸುರುಳಿಯ ಮೇಲೆ ಗಾಳಿ ಬೀಸುವ ಘಟಕ) ಬೇಕೇ ಬೇಕು. ಅದನ್ನು ಹಾಕುವುದೇ ಆದರೆ ತಂಪನ್ನೂ ಅದರಿಂದಲೇ ತೆಗೆದುಕೊಳ್ಳಿ, ನೆಲಹಾಸನ್ನು ಬಿಸಿಗೆ ಮಾತ್ರ ಇಟ್ಟುಕೊಳ್ಳಿ.

ಪ್ಲಾಂಟ್ ರೂಮ್:
ಇನ್ನು ಯಾರಾದರೂ "ಪೈಪ್ ಯಾಕೆ, ಬಾವಿ ನೀರನ್ನೇ ಎತ್ತಿ ಯಂತ್ರಕ್ಕೆ ಬಿಡೋಣ" ಎಂದು ಬರುತ್ತಾರೆ. ಕೆಲಸ ಚೆನ್ನಾಗಿಯೇ ಆಗುತ್ತದೆ, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 1948ರಲ್ಲೇ ಒಂದು ದೊಡ್ಡ ಕಟ್ಟಡಕ್ಕೆ ಹೀಗೆ ಮಾಡಿದ್ದರು. ಆದರೆ ನೀರನ್ನು ಪರೀಕ್ಷೆಗೆ ಕೊಡದೆ ಹೂಂ ಅನ್ನಬೇಡಿ. ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ, ಕಬ್ಬಿಣ ಜಾಸ್ತಿ ಇದ್ದರೆ ಕೆಂಪು ಲೋಳೆ. ಎತ್ತಿದ ನೀರನ್ನು ಇನ್ನೊಂದು ಬಾವಿಗೆ ಇಂಗಿಸಬೇಕು, ಚರಂಡಿಗೆ ಬಿಡುವುದಲ್ಲ. ಅದಕ್ಕೆ ಅನುಮತಿಯೂ ಬೇಕಾಗಬಹುದು.

ಹೊಸಮನೆ:
ಸರಿ, ಮುಚ್ಚಿದ ಲೂಪೇ ಇರಲಿ. ನೆರಳು, ತಾರಸಿ ಕೆಲಸ ಮೊದಲು. ಆಮೇಲೆ ಒಂದು ಬೋರ್, ಟೆಸ್ಟ್. ಟವರ್‌ಗೆ ತಾರಸಿಯಲ್ಲಿ ಜಾಗ ಬಿಡಲು ಇವತ್ತೇ ಹೇಳುತ್ತೇನೆ.

ರಿಗ್ಗಣ್ಣ:
ಒಳ್ಳೇದು. ಬೋರ್‌ಗಳನ್ನು ಅಡಿಪಾಯಕ್ಕಿಂತ ಮೊದಲೇ ಕೊರೆಸಿ, ಗೋಡೆ ಎದ್ದ ಮೇಲೆ ರಿಗ್ ಒಳಗೆ ಬರುವುದಿಲ್ಲ. ಮುಚ್ಚುವ ಮುಂಚೆ ಪ್ರತಿ ಬೋರಿಗೂ ಕಾಂಪೌಂಡ್ ಮೂಲೆಯಿಂದ ಟೇಪ್ ಹಿಡಿದು ಅಳತೆ ಬರೆದಿಡಿ, ಫೋಟೋ ತೆಗೆಯಿರಿ. ಬೋರಿನಿಂದ ಕಟ್ಟಡಕ್ಕೆ ಬರುವ ಅಡ್ಡ ಪೈಪಿನ ಮೇಲೆ ಒಂದಡಿ ಮಣ್ಣು ಹಾಕಿ ಎಚ್ಚರಿಕೆ ಪಟ್ಟಿ ಹಾಸಿ, ಆಮೇಲೆ ಉಳಿದ ಮಣ್ಣು. ನಾಳೆ ಯಾರೋ ಸಂಪ್ ತೋಡಲು ಜೆಸಿಬಿ ತಂದಾಗ ಗೊತ್ತಾಗಬೇಕಲ್ವಾ.