ಮುಯ್ಯಿ ಬುಕ್ಕಲ್ಲಿ ಒಂದು ಕಾಮಾ

ಕರೆಂಟ್ ಹೋಗಿ ಮುಕ್ಕಾಲು ಗಂಟೆ ಆಗಿತ್ತು. ಮಂಡ್ಯದ ನೂರಡಿ ರಸ್ತೇಲಿ ಜವರಣ್ಣನ ರಿಪೇರಿ ಅಂಗಡಿಗೆ ಕರೆಂಟ್ ಇದ್ರೂ ಗಿರಾಕಿ ಅಷ್ಟಕ್ಕಷ್ಟೆ, ಇಲ್ದಿದ್ರೂ ನಾವು ಮೂರು ಜನ ಇದ್ದೇ ಇರ್ತೀವಿ. ಮೇಷ್ಟ್ರು ಹಳೇ ಟಿವಿ ಡಬ್ಬದ ಮೇಲೆ, ಪುಟ್ರಾಜ ಹೊಸ್ಲು ಮೇಲೆ, ಎಲೆ ಅಡ್ಕೆ ಉಗಿಯೋಕೆ ದೂರ ಆಗ್ಬಾರ್ದು ನೋಡಿ, ನಾನು ಕಾಲು ಅಲ್ಲಾಡೋ ಸ್ಟೂಲ್ ಮೇಲೆ. ಜವರಣ್ಣ ಟೇಬಲ್ ಮೇಲಿದ್ದ ಯಾವ್ದೋ ಲಗ್ನಪತ್ರಿಕೆ ತಗೊಂಡು ಗಾಳಿ ಬೀಸ್ಕೋತಿದ್ದ. ಅಷ್ಟೊತ್ಗೆ ಸಂತು ಬಂದ. ಇಂಜಿನಿಯರಿಂಗ್ ಮೂರನೇ ವರ್ಷ, ಪ್ರಪಂಚಕ್ಕೇ ಬುದ್ಧಿ ಹೇಳೋ ವಯಸ್ಸು.

"ಮಾವ, ನಾನು ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡ್ದೆ!"

"ಏನಪ್ಪಾ ಕೊಟ್ಟೆ?" ಅಂದ್ರು ಮೇಷ್ಟ್ರು.

"ಒಂದು ಕಾಮಾ ಸಾರ್."

"ಯಾವ್ ಕಾಮಾಲಾ, ಹೋಳಿ ಹುಣ್ಮೆ ದಿನ ಸುಡ್ತಾರಲ್ಲ ಅವ್ನಾ?" ಪುಟ್ರಾಜ ಬಾಯಲ್ಲಿ ಎಲೆ ಇಟ್ಕೊಂಡೇ ಕೇಳ್ದ.

"ಅಲ್ಪವಿರಾಮ ಕಣಯ್ಯಾ. ಒಂದು ಚುಕ್ಕಿ, ಅದಕ್ಕೊಂದು ಬಾಲ."

ಓಪನ್ ಸೋರ್ಸ್ ಅಂದ್ರೆ ಕೋಡನ್ನ ಎಲ್ರಿಗೂ ತೆರೆದಿಟ್ಟಿರೋ ಸಾಫ್ಟ್‌ವೇರ್, ಯಾರು ಬೇಕಾದ್ರೂ ತಿದ್ದಿ ಕಳಿಸ್ಬೋದು. ಅಂಥ ಯಾವ್ದೋ ಪ್ರಾಜೆಕ್ಟಿನ ಪರಿಚಯ ಬರ್ದಿರೋ ರೀಡ್‌ಮಿ ಫೈಲಲ್ಲಿ ಒಂದು ಕಾಮಾ ಸೇರಿಸಿ, ಪಕ್ಕದಲ್ಲಿ ಅಮೇಝಿಂಗ್ ಪ್ರಾಜೆಕ್ಟ್ ಅಂತ ಬೇರೆ ಬರ್ದು ಕಳ್ಸಿದ್ನಂತೆ, ಅವ್ರು ಏನೂ ಮಾತಾಡ್ದೆ ಕ್ಲೋಸ್ ಮಾಡಿದ್ರಂತೆ, ಆದ್ರೂ ರೆಸ್ಯೂಮೇಲಿ ಹಾಕ್ಬೋದು ಅಲ್ವಾ ಅಂತ ಇವನ ಪ್ರಶ್ನೆ. ನಂಗೆ ಈ ಹುಚ್ಚು ಕಂಡ್ರೆ ಮೈ ಉರಿಯುತ್ತೆ, ಲಿಂಕ್ಡ್‌ಇನ್ ತೆಗೆದ್ರೆ ಸಾಕು, ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್ ಅಂತ ಹೆಸರಿನ ಕೆಳಗೆ ಬಿರುದು ಹಾಕ್ಕೊಂಡೋರೇ ಎಲ್ಲಾ, ಒಳಗೆ ಹೋಗಿ ನೋಡಿದ್ರೆ ಕಾಮಾ. ಆದ್ರೆ ನಾನು ಬಾಯಿ ಬಿಡೋ ಮುಂಚೆ ಜವರಣ್ಣ ಬೀಸೋದು ನಿಲ್ಲಿಸ್ದ.

"ಲೋ ಸಂತು, ನೀನು ಮದ್ವೆ ಮನೆಗೋದೆ. ಮುಯ್ಯಿ ಬರೀತಾರಲ್ಲ, ಆ ಟೇಬಲ್‌ಗೋದೆ. ಜೋಬಿಂದ ಕಾಸು ತಗೀನಿಲ್ಲ. ಪೆನ್ ಈಸ್ಕೊಂಡು, ಪಕ್ಕದೋನು 501 ಹಾಕಿದ್ದ ಅದ್ರ ಮುಂದ್ಕೆ ಒಂದು ಗೆರೆ ಎಳ್ದು, ಕೆಳಗೆ ನಿನ್ನ ಹೆಸ್ರು ಬರ್ದು, ಊಟಕ್ಕೆ ಕೂತ್ಕಂಡೆ. ಅಷ್ಟೇ ಕಣ್ಲಾ ನೀನ್ ಮಾಡಿರಾದು."

"ಎಲ್ರೂ ಹಂಗೇ ಮಾವ. 2020ರ ಹ್ಯಾಕ್ಟೋಬರ್‌ಫೆಸ್ಟ್ ಅನ್ನೋ ಓಪನ್ ಸೋರ್ಸ್ ಹಬ್ಬದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್, ಅಂದ್ರೆ ನನ್ ತಿದ್ದುಪಡಿ ಸೇರಿಸ್ಕೊಳ್ಳಿ ಅನ್ನೋ ಅರ್ಜಿ, ಕಳ್ಸಿದ್ರೆ ಟೀ ಶರ್ಟ್ ಕೊಡ್ತಿದ್ರು. ಇಂಥವೇ ರಾಶಿ ರಾಶಿ ಬಂದು ಪ್ರಾಜೆಕ್ಟ್‌ನೋರು ಬೈದ್ಮೇಲೆ, ಬೇಕು ಅಂತ ಕೇಳ್ಕೊಂಡ ಪ್ರಾಜೆಕ್ಟ್‌ದು ಮಾತ್ರ ಲೆಕ್ಕ ಅಂತ ರೂಲ್ಸ್ ಮಾಡಿದ್ರು."

"ಟೀ ಶರ್ಟ್ ಡಬಲ್ ಎಕ್ಸೆಲ್ ಸಿಗ್ತದಾ?" ಪುಟ್ರಾಜ.

ಈಗ ಅವನ ಪ್ಲಾನೇ ಬೇರೆ ಅಂತೆ. ಕಾಮಾಗೆ ಬೆಲೆ ಇಲ್ಲ, ಫರ್ಮ್‌ವೇರ್‌ಗೆ ಕೈ ಹಾಕಿದ್ರೆ ತೂಕ, ವೈಫೈ ರೂಟರ್‌ಗೆ ಹಾಕೋ ಓಪನ್ ಸೋರ್ಸ್ ಫರ್ಮ್‌ವೇರ್ ಓಪನ್‌ವರ್ಟ್‌ಗೆ ಕಾಂಟ್ರಿಬ್ಯೂಟ್ ಮಾಡ್ತೀನಿ ಅಂತ ಬ್ಯಾಗಿಂದ ಒಂದು ಹಳೇ ರೂಟರ್ ತೆಗೆದು ಇಟ್ಟ. ಪುಟ್ರಾಜಂಗೆ ಫರ್ಮ್‌ವೇರ್ ಅಂದ್ರೆ ಏನಂತ ಮೇಷ್ಟ್ರು ಹೇಳಿದ್ರು, ಡಬ್ಬದ ಒಳಗೆ ಕೂತು ಡಬ್ಬಾನ ಆಡಿಸೋ ಸಾಫ್ಟ್‌ವೇರ್ ಅಪ್ಪಾ, ದೇಹದಲ್ಲಿ ಆತ್ಮ ಇದ್ದ ಹಾಗೆ. "ಆತ್ಮಕ್ಕೂ ಅಪ್ಡೇಟ್ ಬತ್ತದಾ ಮೇಷ್ಟ್ರೇ" ಅಂದ ಪುಟ್ರಾಜ. ಅದೇ ಕಷ್ಟ ಅಂದೆ ನಾನು, ಡಬ್ಬ ಮಾರಿದೋರು ಒಂದೆರಡು ವರ್ಷ ಅಪ್ಡೇಟ್ ಕೊಟ್ಟು ಕೈ ತೊಳ್ಕೋತಾರೆ, ಆಮೇಲೆ ಅದು ಅಂತರಪಿಶಾಚಿನೇ.

"ಯಾರೂ ಕೇಳ್ದೆ ಇದ್ದಿದ್ರೆ ಈ ಓಪನ್‌ವರ್ಟ್ ಉಟ್ತಾನೇ ಇರ್ನಿಲ್ಲ" ಅಂದ ಜವರಣ್ಣ. "ಲಿಂಕ್‌ಸಿಸ್‌ನೋರು ಒಂದು ರೂಟರ್ ಮಾರುದ್ರು, ಡಬ್ಲ್ಯೂಆರ್‌ಟಿ54ಜಿ ಅಂತ. ಒಳಗಿದ್ದಿದ್ದು ಲಿನಕ್ಸು. ಅದ್ರ ಲೈಸೆನ್ಸು ಜಿಪಿಎಲ್. ಜಿಪಿಎಲ್ ಅಂದ್ರೇನು? ಉಂಡ್ಮೇಲೆ ಮುಯ್ಯಿ ತೀರಿಸ್ಬೇಕು, ಡಬ್ಬ ಕೊಂಡೋರು ಕೇಳುದ್ರೆ ಸೋರ್ಸ್ ಕೋಡು ಕೊಡ್ಬೇಕು. ಜನ ಬುಡ್ನಿಲ್ಲ, ಕೇಳುದ್ರು, 2003ರಲ್ಲಿ ಕೊಟ್ರು. ಆ ಕೋಡಿಂದ್ಲೇ 2004ರಲ್ಲಿ ಇದು ಶುರುವಾಗಿದ್ದು. ಅದ್ಕೇ ಹೆಸ್ರಲ್ಲಿ ಇವತ್ಗೂ ಆ ಡಬ್ಲ್ಯೂಆರ್‌ಟಿ ಅದೆ."

"ಮುಯ್ಯಿ ಕೇಳಿ ಈಸ್ಕೊಂಡ್ರಾ? ನಮ್ ಕಡೆ ಕೇಳುದ್ರೆ ಮಾನ ಓಯ್ತದೆ" ಅಂದ ಪುಟ್ರಾಜ.

"ಕೇಳ್ದಿದ್ರೆ ರೂಟರ್ ಓಯ್ತದೆ."

ಸಂತು ಅಷ್ಟ್ರಲ್ಲಿ, ನಾನೂ ಮುಯ್ಯಿ ಹಾಕಿದ್ದೀನಿ ಮಾವ, ಕೋಡ್ ಇಡೋ ಗಿಟ್‌ಹಬ್ ಸೈಟಲ್ಲಿ ಮೆಚ್ಚುಗೆಯ ಸ್ಟಾರ್ ಒತ್ತಿದ್ದೀನಿ ಅಂದ. ಜವರಣ್ಣ ಕೈಲಿದ್ದ ಲಗ್ನಪತ್ರಿಕೆ ತಿರುಗ್ಸಿ ಮುರುಗ್ಸಿ ನೋಡ್ದ. "ಈಗಿನ ಕಾರ್ಡಲ್ಲೆಲ್ಲ ಆಶೀರ್ವಾದವೇ ಉಡುಗೊರೆ ಅಂತ ಹಾಕ್ತಾರಲ್ಲ, ಅದೇ ಕಣ್ಲಾ ಸ್ಟಾರು. ಇದ್ರಲ್ಲಿ ಅಂಗೆ ಬರ್ದಿಲ್ಲ. ಇದು ಮುಯ್ಯಿ ತಗೊಳೋ ಮದ್ವೆನೇ." ಪುಟ್ರಾಜ ಉಗಿಯೋಕೆ ಅಂತ ಆಚೆ ತಿರುಗ್ದ, ತಿರುಗ್ದೋನು ಸ್ವಲ್ಪ ಹೊತ್ತು ಹಂಗೇ ಇದ್ದ.

ಸಂತು ರೂಟರ್ ತಳ್ಳಿ, ಏನ್ ಮಾಡ್ಬೇಕು ಹೇಳಿ ಅಂದ. ಜವರಣ್ಣ ಮೊಬೈಲ್ ಟಾರ್ಚ್ ಬಿಟ್ಕೊಂಡು ಅದ್ರ ತಳ ನೋಡಿ ವಾಪಸ್ ತಳ್ಳಿದ. 4 ಎಂಬಿ ಫ್ಲಾಶು 32 ಎಂಬಿ ರ‍್ಯಾಮು, ಇಂಥದ್ದನ್ನ 19.07 ವರ್ಷನ್ ಆದ್ಮೇಲೆ ಓಪನ್‌ವರ್ಟ್‌ನೋರು ಕೈ ಬಿಟ್ರು, ಸೇರಿನ ಪಾತ್ರೆಗೆ ಕೊಳಗ ಸುರಿಯೋಕಾಗುತ್ತಾ ಅಂತ ಹೇಳಿ ತನ್ನ ಗುಜ್ರಿ ಡಬ್ಬದಿಂದ ಇನ್ನೊಂದು ತೆಗೆದ. ಯಾರೋ ಬಿಟ್ಟೋಗಿದ್ದು, ದೊಡ್ಡದು. ಸ್ಕ್ರೂ ಬಿಚ್ಚಿ ಬೋರ್ಡಿನ ಅಂಚಲ್ಲಿ ನಾಲ್ಕು ಸಣ್ಣ ತೂತು ತೋರಿಸ್ದ, ಸೀರಿಯಲ್ಲು, ಇಲ್ಲಿಗೆ ಯುಎಸ್‌ಬಿ ಟಿಟಿಎಲ್ ವೈರ್ ಹಾಕಿದ್ರೆ ಡಬ್ಬ ಏಳುವಾಗ ಏನೇನು ಗೊಣಗ್ತದೆ ಎಲ್ಲಾ ಸ್ಕ್ರೀನ್ ಮೇಲೆ ಬರುತ್ತೆ, ಸಾಮಾನ್ಯವಾಗಿ 115200 ಸ್ಪೀಡು, 3.3 ವೋಲ್ಟು, ವಿಸಿಸಿ ಪಿನ್ನಿಗೆ ಮಾತ್ರ ಕನೆಕ್ಷನ್ ಕೊಡ್ಬೇಡ.

"ಮೊದ್ಲು ಒಳಗಿರಾದನ್ನ ಪೂರ್ತಿ ಬ್ಯಾಕಪ್ ತಗೊ. ಇಲ್ಲಾಂದ್ರೆ ಇಟ್ಟಿಗೆ ಆಯ್ತದೆ."

"ಇಟ್ಟಿಗೇನಾ?"

"ಸತ್ತ ರೂಟರ್‌ಗೆ ಅವ್ರು ಬ್ರಿಕ್ ಅಂತಾರೆ. ನಾನು ಈ ಅಂಗಡೀಲಿ ಹನ್ನೊಂದು ಇಟ್ಟಿಗೆ ಸುಟ್ಟಿವ್ನಿ. ಕಾಂಪೌಂಡ್ ಕಟ್ಟಕ್ಕೆ ಸಾಲದು, ತುಳಸಿ ಕಟ್ಟೆಗಾಯ್ತದೆ."

ಆಮೇಲೆ ಈ ಡಬ್ಬಾನ ಓಪನ್‌ವರ್ಟ್‌ಗೆ ಸೇರಿಸೋಕೆ ಏನೇನು ಬೇಕು ಅಂತ ಜವರಣ್ಣ ಹೇಳಿದ ಪಟ್ಟಿ ಕೇಳಿ ಸಂತು ಮುಖ ಇಳೀತಾ ಬಂತು. ಯಾವ ಲೈಟು ಯಾವ ಜಿಪಿಐಒ ಪಿನ್ನಿಗೆ, ರೀಸೆಟ್ ಬಟನ್ ಎಲ್ಲಿಗೆ, ಫ್ಲಾಶಲ್ಲಿ ಯಾವ ಭಾಗ ಎಲ್ಲಿಂದ ಎಲ್ಲಿಗೆ, ಇದನ್ನೆಲ್ಲ ಡಿವೈಸ್ ಟ್ರೀ ಅನ್ನೋ ಹಾರ್ಡ್‌ವೇರ್ ನಕ್ಷೆ ಫೈಲಲ್ಲಿ ಬರೀಬೇಕು, ಕೋಡ್ ಜೊತೆ ಕಳಿಸೋ ಕಮಿಟ್ ಮೆಸೇಜಲ್ಲಿ ಪ್ರೊಸೆಸರ್ ಯಾವ್ದು, ರ‍್ಯಾಮ್ ಎಷ್ಟು, ಮ್ಯಾಕ್ ಅಡ್ರೆಸ್ ಎಲ್ಲಿಂದ ಬರುತ್ತೆ, ಹೆಂಗೆ ಹಾಕೋದು, ಬೇಡ ಅಂದ್ರೆ ಹಳೇದಕ್ಕೆ ಹೆಂಗೆ ವಾಪಸ್ ಹೋಗೋದು. "ಗೋತ್ರ ಸೂತ್ರ ಎಲ್ಲಾ ಕೇಳ್ತಾರಲ್ಲಯ್ಯಾ" ಅಂದ್ರು ಮೇಷ್ಟ್ರು. ಇಷ್ಟೆಲ್ಲಾ ಆದ್ಮೇಲೆ ನೋಡೋರು ಒಂದು ಸ್ಪೇಸ್ ಜಾಸ್ತಿ ಆಗಿದೆ ಅಂತ ವಾಪಸ್ ಕಳಿಸ್ತಾರೆ. ಸರಿ ಮಾಡಿ ಕಳಿಸ್ಬೇಕು. ಅವ್ರಿಗೂ ಹೊಟ್ಟೆಪಾಡಿನ ಕೆಲ್ಸ ಬೇರೆ ಇರುತ್ತೆ, ವಾರಗಟ್ಲೆ ಉತ್ತರ ಬರ್ದೇ ಇರ್ಬೋದು.

"ಒಂದು ಸ್ಪೇಸ್‌ಗೆ ಅಷ್ಟು ಬೆಲೆ ಇದ್ಮೇಲೆ ನನ್ ಕಾಮಾಗ್ಯಾಕಿಲ್ಲ?"

ಇದಕ್ಕೆ ಜವರಣ್ಣನ ಹತ್ರಾನೂ ಉತ್ತರ ಇರ್ಲಿಲ್ಲ, ನಾನು ಮೊದಲ ಸಲ ಸಂತು ಕಡೆ ಗೌರವದಿಂದ ನೋಡ್ದೆ.

"ಕೊನೇಲಿ ಸೈನ್ಡ್ ಆಫ್ ಬೈ ಅಂತ ನಿನ್ನ ಹೆಸ್ರು, ಈಮೇಲು" ಅಂತ ಜವರಣ್ಣ ಮಾತು ಹೊರಳಿಸ್ದ. "2004ರಲ್ಲಿ ಲಿನಕ್ಸ್‌ನೋರು ತಂದ ಪದ್ಧತಿ, ಇದ್ರಲ್ಲಿ ಕದ್ದ ಕೋಡು ಅದೆ ಅಂತ ಕೋರ್ಟಲ್ಲಿ ಕೇಸು ನಡೀತಿತ್ತು ಆಗ. ಈ ಕೋಡು ಕೊಡೋ ಹಕ್ಕು ನಂಗದೆ ಅಂತ ಪ್ರಮಾಣ. ಕದ್ದ ಕಾಸಲ್ಲಿ ಮುಯ್ಯಿ ಹಾಕಂಗಿಲ್ಲ."

"ಎಐ ಕೈಲಿ ಬರೆಸಿದ್ರೆ?"

"ಅದು ಯಾರ್ ಗದ್ದೆ ಭತ್ತ ಅಂತ ನಿಂಗೊತ್ತಾ?"

ಮೇಷ್ಟ್ರಿಗೆ ಬೇರೆ ಚಿಂತೆ. ಇಷ್ಟು ಮಡಿವಂತರು ಮೋಜು ಮಾಡೋದೇ ಇಲ್ವಾ ಅಂತ. ಮಾಡ್ತಿದ್ರಂತೆ, ಮೊದಲು ಒಂದೊಂದು ರಿಲೀಸಿಗೂ ಒಂದೊಂದು ಕಾಕ್‌ಟೈಲ್ ಹೆಸರಿಡ್ತಿದ್ರು, ಮೊದಲ್ನೇದು ವೈಟ್ ರಷ್ಯನ್, ಲಾಗಿನ್ ಆದ್ರೆ ಅದನ್ನ ಬೆರೆಸೋ ವಿಧಾನಾನೇ ಸ್ಕ್ರೀನ್ ಮೇಲೆ ತೋರಿಸ್ತಿತ್ತು. "ನೋಡ್ದಾ, ಮುಯ್ಯಿ ಅದೆ, ಬೀಗ್ರೂಟಾನೂ ಅದೆ" ಅಂತ ಪುಟ್ರಾಜ ಖುಷಿಯಾಗಿ ತೊಡೆ ತಟ್ಕೊಂಡ.

"ಭಾಗಾನೂ ಆಗವ್ರೆ" ಅಂದ ಜವರಣ್ಣ. "2016ರಲ್ಲಿ ಒಂದಷ್ಟು ಜನ ಮುನಿಸ್ಕಂಡು ಲೀಡ್ ಅಂತ ಬೇರೆ ಮನೆ ಮಾಡುದ್ರು. ಕೋಡೆಲ್ಲಾ ತಗಂಡೋದ್ರು."

"ಆಸ್ತಿ ಭಾಗ ಎಂಗೆ? ಕೇಸ್ ಎಷ್ಟ್ ವರ್ಸ ನಡೀತು?" ಪುಟ್ರಾಜ ಈಗ ಪೂರ್ತಿ ಒಳಕ್ಕೆ ತಿರುಗಿ ಕೂತಿದ್ದ.

"ಕೇಸೇ ಇಲ್ಲ ಕಣ್ಲಾ. ಕೋಡು ಇಬ್ರುಗೂ ಪೂರ್ತಿ, ನಾನು ತಗಂಡ್ರೆ ನಿಂಗೇನು ಕಮ್ಮಿ ಆಗಾಕಿಲ್ಲ. 2018ರಲ್ಲಿ ಮತ್ತೆ ಒಂದಾದ್ರು. ಕೆಲ್ಸದ ರೀತಿ ಹೊಸ ಮನೇದು, ಹೆಸ್ರು ಹಳೇ ಮನೇದು."

"ಎರಡೇ ವರ್ಸಕ್ಕಾ?" ಪುಟ್ರಾಜ ಎಲೆ ಅಗಿಯೋದು ನಿಲ್ಲಿಸಿದ್ದ. "ಪಂಚಾಯ್ತಿ ಎಲ್ ಮಾಡುದ್ರು?"

"ಈಮೇಲಲ್ಲಿ."

"ನಮ್ಮಣ್ಣುಂತವು ಈಮೇಲ್ ಇಲ್ಲ."

ನಾವ್ಯಾರೂ ನಗ್ಲಿಲ್ಲ. ನಗ್ಬೋದಾಗಿತ್ತು, ಮಾತು ಹಂಗೇ ಇತ್ತು. ನಾಲೆ ಪಕ್ಕದ ಎರಡು ಎಕರೆಗೆ ಅಣ್ಣ ತಮ್ಮ ಮಾತು ಬಿಟ್ಟು ಎಷ್ಟು ವರ್ಷ ಆಯ್ತು ಅನ್ನೋದು ಈ ಅಂಗಡೀಲಿ ಯಾರಿಗೂ ಗೊತ್ತಿಲ್ದೆ ಇರೋ ವಿಷ್ಯ ಅಲ್ಲ. ಜವರಣ್ಣ ಲಗ್ನಪತ್ರಿಕೆ ಬೀಸೋದು ಬಿಟ್ಟು ಟೇಬಲ್ ಮೇಲೆ ಮೆತ್ತಗೆ ಇಟ್ಟ. ಆಗ ನಂಗೆ ಹೊಳೀತು ಅದು ಯಾರ ಮನೇದು ಅಂತ.

"ನನ್ ಮದ್ವೇಲಿ ಮುಯ್ಯಿ ಬರ್ಯಾಕೆ ಕೂತಿದ್ದು ನಮ್ಮಣ್ಣನೇ" ಅಂದ ಪುಟ್ರಾಜ. "ರಾತ್ರೆಲ್ಲಾ ಎಣಿಸ್ದ. ಒಂದ್ರುಪಾಯಿ ವ್ಯತ್ಯಾಸ ಬರ್ನಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಜವರಣ್ಣ, ನೀನೆಂಗೂ ಹೋಯ್ತೀಯಲ್ಲ ಭಾನ್ವಾರ. ನಾನ್ ಕಾಸು ಕೊಡ್ತೀನಿ, ಒಂದ್ ಐದ್ ಸಾವ್ರ. ನನ್ ಹೆಸ್ರಲ್ಲಿ ಬರ್ಸ್‌ಬುಡು."

"ಆಗಾಕಿಲ್ಲ."

"ಯಾಕ್ಲಾ?"

"ಇಷ್ಟೊತ್ತು ಏನ್ ಕೇಳ್ಕಂಡೆ? ಸೈನ್ಡ್ ಆಫ್ ಬೈ ಅವರವರೇ ಹಾಕ್ಬೇಕು."

ಪುಟ್ರಾಜ ಜವರಣ್ಣನ್ನ ಬೈದ, ಅವನಪ್ಪನ್ನ ಬೈದ, ಓಪನ್‌ವರ್ಟ್‌ನೋರನ್ನೂ ಬೈದ. ಅಷ್ಟ್ರಲ್ಲಿ ಕರೆಂಟ್ ಬಂತು, ಫ್ಯಾನ್ ಗಾಳಿಗೆ ಕಾರ್ಡು ಹಾರಿ ಹೊಸ್ಲು ಹತ್ರ ಬಿತ್ತು. ಸಂತು ಆಗ್ಲೇ ವೈರ್ ತಗೊಂಡು ಬೋರ್ಡಿನ ಮೇಲೆ ಬಗ್ಗಿದ್ದ.

"ಗ್ರೌಂಡ್ ಮೊದ್ಲು ಹಾಕ್ಲಾ" ಅಂತ ಜವರಣ್ಣ ಕಿರುಚ್ದ.

ಪುಟ್ರಾಜ ಕಾರ್ಡ್ ಎತ್ಕೊಂಡು, ಕೈ ಒರೆಸ್ಕೊಂಡು, ದೂರಕ್ಕೆ ಹಿಡಿದು ನೋಡ್ದ. "ಕನ್ನಡ್ಕ ತಂದಿಲ್ಲ" ಅಂದ. "ಮೇಷ್ಟ್ರೇ, ಚೌಟ್ರಿ ಯಾವ್ದು ಅಂತ ಹಾಕವ್ರೆ, ಸ್ವಲ್ಪ ಓದಿ."